ಗಾಡಿ ಓಟದ ಅಭ್ಯಾಸ ಊರಲ್ಲೇ ಬಿಟ್ಟು ಬನ್ನಿ: ಕಾಫಿ ತೋಟದ ಕಾರ್ ರ್ಯಾಲಿ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮಂಡ್ಯ ಕಡೆ ಎತ್ತಿನ ಗಾಡಿ ಓಟ ನೋಡಿದವರಿಗೆ ಒಂದು ಅಭ್ಯಾಸ ಇರುತ್ತದೆ. ಗಾಡಿ ದೂರ ಇರುವಾಗ ಎಲ್ಲರೂ ಹಾದಿಗೇ ಇಳಿದು ಕತ್ತು ಉದ್ದ ಮಾಡಿ ನಿಂತಿರುತ್ತಾರೆ. ಎತ್ತು ಹತ್ತಿರ ಬಂದಾಗ ಹೋ ಅಂತ ಎರಡೂ ಕಡೆ ಸರಿದು ದಾರಿ ಬಿಡುತ್ತಾರೆ, ಗಾಡಿ ದಾಟಿದ ತಕ್ಷಣ ಮತ್ತೆ ಕೂಡಿಕೊಳ್ಳುತ್ತಾರೆ. ಆ ಕೊನೇ ಗಳಿಗೆಯಲ್ಲಿ ಹಿಂದೆ ಹಾರುವುದೇ ಅರ್ಧ ಮಜಾ. ನಾನೂ ಹಾಗೇ ಬೆಳೆದವನು. ಆಮೇಲೆ ಕೆಲಸಕ್ಕೆ ಅಂತ ಮೈಸೂರಿಗೆ ಬಂದೆ, ಕಾರ್ ರ್ಯಾಲಿ ಹುಚ್ಚು ಹಿಡಿಯಿತು, ಮೊದಲ ಸಲ ಚಿಕ್ಕಮಗಳೂರು ಕಡೆ ಒಂದು ತೋಟಕ್ಕೆ ಹೋದಾಗ ಆ ಅಭ್ಯಾಸವನ್ನೂ ಜೊತೆಗೇ ಹೊತ್ತುಕೊಂಡು ಹೋಗಿದ್ದೆ.

ಒಂದು ಎಡತಿರುವಿನ ಹೊರಮಗ್ಗುಲಲ್ಲಿ ನಿಂತಿದ್ದೆ. ಮುಂದೆ ಒಂದು ಕಾಫಿ ಗಿಡ ಇತ್ತು, ಅದೇ ಧೈರ್ಯ. ರ್ಯಾಲಿಗೆ ಬಂದಿದ್ದ ಮಾರುತಿ ಜಿಪ್ಸಿಯೊಂದರ ಸದ್ದು ಕೇಳಿಸಿತು. ಕಂಡ ಮೇಲೆ ಸರಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಯಾರೋ ಹಿಂದಿನಿಂದ ಅಂಗಿ ಕಾಲರ್ ಹಿಡಿದು ಎಳೆದರು. ಬಿದ್ದೆ. ಜಿಪ್ಸಿಯ ಹಿಂಭಾಗ ಅಡ್ಡ ಬೀಸಿಕೊಂಡು ಬಂದು ಆ ಕಾಫಿ ಗಿಡವನ್ನು ಬುಡದ ಹತ್ತಿರ ಮುರಿದುಹಾಕಿ ಹೋಯಿತು. ಡ್ರೈವರಿಗೆ ಅದು ಗೊತ್ತಾಗಿರಲಿಕ್ಕೂ ಇಲ್ಲ. ಎಳೆದವರು ತೋಟದ ಹಿರಿಯ ಆಳು, ಆ ದಿನ ರಸ್ತೆ ಮತ್ತು ಜನರನ್ನು ಕಾಯುವ ಮಾರ್ಷಲ್‌ಗಳಿಗೆ ಸಹಾಯಕ್ಕೆ ನಿಂತಿದ್ದವರು. "ನೋಡೋಕ್ ಬಂದಿದೀಯೋ, ಸಾಯೋಕ್ ಬಂದಿದೀಯೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಸುಲಭ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ಎರಡು ಸಿಟಿ ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಉದ್ದ. ತೋಟದ ರಸ್ತೆಯಲ್ಲಿ ಕಾರು ನಿಮ್ಮ ಕಣ್ಣಿಗೆ ಬೀಳುವುದೇ 40, 50 ಮೀಟರ್ ದೂರದಲ್ಲಿ. ಕಂಡ ಮೇಲೆ ನಿಮಗೆ ಸಿಗುವುದು ಎರಡು ಸೆಕೆಂಡೂ ಅಲ್ಲ. ಅದರಲ್ಲಿ ಒಂದು ಸೆಕೆಂಡು "ಅಯ್ಯೋ" ಅನ್ನುವುದಕ್ಕೇ ಹೋಗುತ್ತದೆ.

1986ರಲ್ಲಿ ಪೋರ್ಚುಗಲ್ ರ್ಯಾಲಿಯಲ್ಲಿ ಸಿಂಟ್ರಾ ಬೆಟ್ಟದ ರಸ್ತೆಯಲ್ಲಿ ನಡೆದದ್ದು ಇದೇ. ಅಲ್ಲಿನ ಜನವೂ ಕಾರು ಬರುವವರೆಗೆ ರಸ್ತೆಯಲ್ಲೇ ನಿಂತು ಕೊನೇ ಗಳಿಗೆಯಲ್ಲಿ ಸರಿಯುತ್ತಿದ್ದರು. ಒಂದು ಕಾರು ಹಿಡಿತ ತಪ್ಪಿ ಗುಂಪಿಗೆ ನುಗ್ಗಿತು. ಮೂವರು ಸತ್ತರು, 30ಕ್ಕೂ ಹೆಚ್ಚು ಜನ ಗಾಯಗೊಂಡರು. ಅದೇ ವರ್ಷ ಇನ್ನೊಂದು ರ್ಯಾಲಿಯಲ್ಲಿ ಡ್ರೈವರ್ ಮತ್ತು ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಇಬ್ಬರೂ ತೀರಿಕೊಂಡ ಮೇಲೆ 'ಗ್ರೂಪ್ ಬಿ' ಅನ್ನುವ ಆ ರಾಕ್ಷಸ ಕಾರುಗಳನ್ನೇ ಮುಂದಿನ ವರ್ಷದಿಂದ ವಿಶ್ವ ಚಾಂಪಿಯನ್‌ಶಿಪ್‌ನಿಂದ ತೆಗೆದುಹಾಕಿದರು.

ಮೊದಲು ಆಟ ಅರ್ಥ ಮಾಡಿಕೊಳ್ಳಿ

ದಸರಾ ಹೊತ್ತಿಗೆ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಆಟೋಕ್ರಾಸ್, ಅಂದರೆ ಮೈದಾನದ ಕಾರ್ ಓಟ, ನೋಡಿದವರು ಇದೂ ಅದೇ ತರಹ ಅಂದುಕೊಳ್ಳುತ್ತಾರೆ. ಅಲ್ಲ. ಅಲ್ಲಿ ಬಯಲು, ನಡುವೆ ಬ್ಯಾರಿಕೇಡ್, ಕಾರು ಶುರುವಿನಿಂದ ಕೊನೆವರೆಗೆ ಕಣ್ಣೆದುರೇ ಇರುತ್ತದೆ. ತೋಟದ ರ್ಯಾಲಿಯಲ್ಲಿ ಹಲವು ಕಿ.ಮೀ. ಉದ್ದದ ಮಣ್ಣುರಸ್ತೆ, ಒಂದು ಕಡೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಕಡೆ ಇಳಿಜಾರು. ಪೂರ್ತಿ ಉದ್ದಕ್ಕೆ ಬೇಲಿ ಕಟ್ಟಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ನಿಮ್ಮ ಜೀವ ಬಹುಪಾಲು ನಿಮ್ಮ ಕಾಲಿನ ಕೆಳಗಿನ ಜಾಗದ ಮೇಲೆ ನಿಂತಿರುತ್ತದೆ.

ಮುಚ್ಚಿದ ರಸ್ತೆಯಲ್ಲಿ ಗಡಿಯಾರದ ವಿರುದ್ಧ ಓಡುವ ತುಂಡಿಗೆ ಸ್ಪೆಷಲ್ ಸ್ಟೇಜ್ ಅಂತಾರೆ, ಬಾಯಿಮಾತಲ್ಲಿ ಬರೀ ಸ್ಟೇಜು. ಕಾರುಗಳು ಒಟ್ಟಿಗೆ ಬಿಡುವುದಿಲ್ಲ, ಒಂದೊಂದು ಅಥವಾ ಎರಡೆರಡು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಧೂಳು ಜಾಸ್ತಿ ಇದ್ದರೆ ಅಂತರ ಇನ್ನೂ ಹೆಚ್ಚಿಸುತ್ತಾರೆ. ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಮೊದಲೇ ಬರೆದಿಟ್ಟ ಪೇಸ್ ನೋಟ್ಸ್ ಓದುತ್ತಿರುತ್ತಾರೆ. ಮುಂದಿನ ತಿರುವು ಎಷ್ಟು ಬಿರುಸು, ದಿಣ್ಣೆ ಎಲ್ಲಿ, ಕಲ್ಲು ಎಲ್ಲಿ ಅಂತ. ಆ ಪುಸ್ತಕದಲ್ಲಿ ನೀವು ಇಲ್ಲ, ಇದನ್ನು ಮರೆಯಬೇಡಿ. ಡ್ರೈವರ್ ಕಣ್ಣಿಗೆ ಕಾಣದ ತಿರುವಿಗೂ ನೋಟ್ಸ್ ನಂಬಿ ಪೂರ್ತಿ ವೇಗದಲ್ಲಿ ನುಗ್ಗುತ್ತಾನೆ.

ಒಂದು ಸ್ಟೇಜಿಂದ ಇನ್ನೊಂದಕ್ಕೆ ಇದೇ ಕಾರುಗಳು ಸಾಮಾನ್ಯ ರಸ್ತೆಯಲ್ಲಿ ಹೋಗುತ್ತವೆ. ಅಲ್ಲಿ ಅವಕ್ಕೂ ಸಿಗ್ನಲ್ ಇದೆ, ವೇಗಮಿತಿ ಇದೆ. ಅವುಗಳ ಹಿಂದೆ ಬೈಕಲ್ಲಿ ರೇಸ್ ಬಿಡುವ ಹುಡುಗರನ್ನು ಪ್ರತಿ ಸಲ ನೋಡುತ್ತೇನೆ. ಸುಮ್ನೆ ಬೇಡ.

ಮೈಸೂರಿನಿಂದ ಹೊರಡುವ ಮುಂಚೆ

ಕೊಡಗಿನ ಕಡೆ ಆದರೆ ಹುಣಸೂರು ದಾಟಿ ಗೋಣಿಕೊಪ್ಪಲು, ಸುಮಾರು 90 ಕಿ.ಮೀ. ಚಿಕ್ಕಮಗಳೂರು ಆದರೆ ಹಾಸನ, ಬೇಲೂರು ಮೇಲೆ 170ರ ಆಸುಪಾಸು. ಮಂಡ್ಯದಿಂದ ಬರುವವರು ಇನ್ನೊಂದು 45 ಸೇರಿಸಿಕೊಳ್ಳಿ. ಮೊದಲ ಕಾರು ಬೆಳಿಗ್ಗೆ ಎಂಟಕ್ಕೆ ಅಂದರೆ ಎಂಟಕ್ಕೆ ತಲುಪಿದರೆ ಏನೂ ಪ್ರಯೋಜನ ಇಲ್ಲ. ರಸ್ತೆಯನ್ನು ಬಹಳ ಮುಂಚೆಯೇ ಮುಚ್ಚಿರುತ್ತಾರೆ, ನೀವು ಗೇಟಿನ ಹೊರಗೆ ನಿಂತು ಸದ್ದು ಕೇಳಿಕೊಂಡು ಬರಬೇಕಾಗುತ್ತದೆ. ಹಿಂದಿನ ರಾತ್ರಿಯೇ ಹೋಗಿ ಅಲ್ಲೇ ಉಳಿಯುವುದು ಒಳ್ಳೆಯದು. ಆಗಲಿಲ್ಲ ಅಂದರೆ ಪ್ರೇಕ್ಷಕರ ಜಾಗದಲ್ಲಿ ಕಡಿಮೆ ಅಂದರೂ ಒಂದೂವರೆ ಗಂಟೆ ಮುಂಚೆ ಇರುವ ಹಾಗೆ ಲೆಕ್ಕ ಹಾಕಿ ಹೊರಡಿ.

ಆಯೋಜಕರು ಪ್ರೇಕ್ಷಕರಿಗೆ ಅಂತ ಜಾಗ ಗುರುತು ಮಾಡಿ ನಕ್ಷೆ, ಸಮಯ ಹಾಕಿರುತ್ತಾರೆ. ಅದನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಿ. ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ. "ನಮಗೊಂದು ಒಳದಾರಿ ಗೊತ್ತು ಗುರು" ಅನ್ನುವ ಸ್ನೇಹಿತ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬೇಡಿ. ಒಳದಾರಿ ಅಂದರೆ ಸ್ಟೇಜಿನ ನಡುವೆ ಎಲ್ಲೋ ಹೋಗಿ ಸೇರುವ ದಾರಿ. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸುತ್ತು ನಡೆಯುವಾಗ ಬೈಕೊಂದು ಸ್ಟೇಜಿನ ರಸ್ತೆಗೆ ಬಂದುಬಿಟ್ಟಿತು. ರ್ಯಾಲಿ ಕಾರು ಗುದ್ದಿ ಬೈಕಿನಲ್ಲಿದ್ದ ಮೂವರೂ ಹೋದರು. ಅವರು ರ್ಯಾಲಿ ನೋಡಲು ಬಂದವರೂ ಅಲ್ಲ.

ಹಾಕಿಕೊಳ್ಳುವುದು: ಬೆರಳು ಮುಚ್ಚುವ ಶೂ, ಉದ್ದ ಪ್ಯಾಂಟು, ಟೋಪಿ, ಕನ್ನಡಕ. ಚಪ್ಪಲಿ ಖಂಡಿತ ಬೇಡ, ಓಡಬೇಕಾದಾಗ ಮೊದಲು ಕೈಕೊಡುವುದೇ ಅದು. ಕನ್ನಡಕ ಸ್ಟೈಲಿಗಲ್ಲ, ಚಕ್ರದಿಂದ ಸಿಡಿಯುವ ಜಲ್ಲಿ ಕಣ್ಣಿಗೆ ಬಡಿಯದಿರಲಿ ಅಂತ. ಹಸಿರು, ಕಂದು ಬಟ್ಟೆ ಬಿಟ್ಟು ಎದ್ದು ಕಾಣುವ ಬಣ್ಣ ಹಾಕಿ. ಮುಖಕ್ಕೆ ಕಟ್ಟಿಕೊಳ್ಳಲು ಒಂದು ಕರ್ಚೀಫು, ಎರಡು ಲೀಟರ್ ನೀರು, ಟಾರ್ಚು. ತಿನ್ನಲು ಪುಳಿಯೋಗರೆ ಕಟ್ಟಿಕೊಂಡು ಹೋಗಿ, ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಮಳೆ ಬಿದ್ದ ನೆಲ ಆದರೆ ಜಿಗಣೆಗೆ ಒಂದು ಪೊಟ್ಟಣ ಉಪ್ಪು. ಛತ್ರಿ ಬೇಡ, ರೈನ್‌ಕೋಟ್ ಸಾಕು.

ನಾಡಧ್ವಜ ಹಿಡಿದುಕೊಂಡು ಬರುವವರಿಗೆ ಒಂದು ಮಾತು. ಪ್ರೀತಿ ಅರ್ಥ ಆಗುತ್ತದೆ. ಆದರೆ ಹಳದಿ, ಕೆಂಪು ಎರಡೂ ರೇಸಿನಲ್ಲಿ ಎಚ್ಚರಿಕೆ ಬಾವುಟದ ಬಣ್ಣ. ಮುಂದೆ ಅಪಘಾತ ಆಗಿದೆ, ವೇಗ ಇಳಿಸು ಅಂತ ಮಾರ್ಷಲ್ ತೋರಿಸುವುದು ಕೆಂಪು ಬಾವುಟ. ರಸ್ತೆ ಪಕ್ಕ ನೀವು ನಾಡಧ್ವಜ ಬೀಸಿದರೆ ಡ್ರೈವರಿಗೆ ಒಂದು ಕ್ಷಣ ಗೊಂದಲ. ಆ ಒಂದು ಕ್ಷಣಕ್ಕೆ ಅವನ ಕಾರು 28 ಮೀಟರ್ ಹೋಗಿರುತ್ತದೆ. ಕಾರುಗಳನ್ನು ರಿಪೇರಿ ಮಾಡುವ ಸರ್ವೀಸ್ ಪಾರ್ಕಿನಲ್ಲಿ ಎಷ್ಟು ಬೇಕಾದರೂ ಬೀಸಿ.

ಜಾಗ ಆರಿಸುವುದು: ಇಲ್ಲಿ ಆತುರ ಬೇಡ

ಎಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಹುಡುಕುವುದು ಎರಡನೇ ಕೆಲಸ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ತಿರುವಿನಲ್ಲಿ ಡ್ರೈವರಿಗೆ ಬ್ರೇಕೇ ಹಿಡಿಯದಿದ್ದರೆ ಕಾರು ಎಲ್ಲಿಗೆ ಹೋಗುತ್ತದೆ? ರಸ್ತೆ ಹೋದ ಕಡೆ ನೋಡಬೇಡಿ. ಕಾರು ಬರುವ ನೇರಕ್ಕೆ ಒಂದು ದಾರ ಎಳೆದ ಹಾಗೆ ಕಣ್ಣು ಹಾಯಿಸಿ. ಆ ದಾರ ಮುಟ್ಟುವ ಜಾಗ, ಅದರ ಅಕ್ಕಪಕ್ಕ, ಅದರ ಕೆಳಗಿನ ಇಳಿಜಾರು, ಇಷ್ಟನ್ನೂ ಲೆಕ್ಕದಿಂದ ತೆಗೆದುಹಾಕಿ. ಉಳಿದದ್ದರಲ್ಲಿ ಹುಡುಕಿ.

ತಿರುವಿನ ಹೊರಮಗ್ಗುಲು ಬೇಡ ಅಂತ ಎಲ್ಲರಿಗೂ ಗೊತ್ತು. ಒಳಮಗ್ಗುಲು ಸೇಫ್ ಅಂತ ನಂಬಿ ಅಂಚಿಗೇ ಅಂಟಿಕೊಂಡು ನಿಲ್ಲುವುದು ಮುಂದಿನ ತಪ್ಪು. ಡ್ರೈವರುಗಳು ಸಮಯ ಉಳಿಸಲು ತಿರುವನ್ನು ಒಳಗಿನಿಂದ ಕತ್ತರಿಸುತ್ತಾರೆ, ಎರಡು ಚಕ್ರ ಚರಂಡಿಯೊಳಗೇ ಇರುತ್ತದೆ. ಅಲ್ಲೊಂದು ಕಲ್ಲು ಚಕ್ರಕ್ಕೆ ಸಿಕ್ಕಿದರೆ ಕಾರು ನಿಮ್ಮ ಕಡೆಗೇ ಮಗುಚಿಕೊಳ್ಳಬಹುದು. ಒಳಗೆ ನಿಂತರೂ ದೂರ ನಿಲ್ಲಬೇಕು, ಎತ್ತರದಲ್ಲಿ ನಿಲ್ಲಬೇಕು.

ಎತ್ತರ ಅಂದರೆ ಬರೆಯ ಮೇಲೆ. ರಸ್ತೆಯಿಂದ ಎರಡಾಳು ಎತ್ತರದ ಬರೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಗ್ಯಾಲರಿ ಇಲ್ಲ. ಕಾರು ಮೇಲಕ್ಕೆ ಹತ್ತುವುದು ಕಷ್ಟ, ಜಾರುವುದು ಕೆಳಕ್ಕೇ. ಆದರೆ ಬರೆಯ ತುದಿಗೇ ಕಾಲು ಇಳಿಬಿಟ್ಟು ಕೂರಬೇಡಿ. ಮಳೆಗೆ ನೆಂದ ಮಣ್ಣು, ಮೇಲೆ ಹತ್ತು ಜನರ ಭಾರ. ಬರೆ ಕುಸಿದರೆ ನೇರ ರಸ್ತೆಗೇ ಬೀಳುತ್ತೀರಿ. ತುದಿಯಿಂದ ಹಿಂದೆ ಸರಿದು ನಿಂತುಕೊಳ್ಳಿ. ನಿಂತುಕೊಳ್ಳಿ ಅಂತಲೇ ಹೇಳಿದ್ದು. ಕೂತವನು ಏಳುವ ಹೊತ್ತಿಗೆ ಮುಗಿದಿರುತ್ತದೆ.

ದಿಣ್ಣೆ ಹಾರುವ ಜಾಗ ಎಲ್ಲರಿಗೂ ಇಷ್ಟ. ಕಾರು ನಾಲ್ಕೂ ಚಕ್ರ ಎತ್ತಿ ಬಂದರೆ ಫೋಟೋ ಬೊಂಬಾಟ್. ಸಂಕ್ರಾಂತಿಗೆ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದು ನೋಡಿದ್ದೀರಿ ಅಲ್ವಾ? ಬೆಂಕಿಯ ನೇರ ಆಚೆಗೆ ತಿಳಿದವರು ಯಾರೂ ನಿಲ್ಲುವುದಿಲ್ಲ. ಹಾರಿದ ಎತ್ತು ಎತ್ತ ತಿರುಗುತ್ತದೋ ಅದಕ್ಕೇ ಗೊತ್ತಿರುವುದಿಲ್ಲ. ಕಾರೂ ಹಾಗೇ. ಗಾಳಿಯಲ್ಲಿರುವಾಗ ಸ್ಟೀರಿಂಗಿಗೂ ಕೆಲಸ ಇಲ್ಲ, ಬ್ರೇಕಿಗೂ ಕೆಲಸ ಇಲ್ಲ. ದಿಣ್ಣೆಯನ್ನು ಪಕ್ಕದಿಂದ, ಹಾರುವ ಜಾಗಕ್ಕಿಂತ ಹಿಂದೆ, ದೂರದಿಂದ ನೋಡಿ.

ಇನ್ನೊಂದು ಮೋಸದ ಜಾಗ ಇದೆ. ತೋಟದ ರಸ್ತೆ ಎರಡಾಗಿ ಒಡೆಯುವ ಕಡೆ ಸ್ಟೇಜು ಎಡಕ್ಕೆ ತಿರುಗುತ್ತದೆ, ತೋಟದ ಆಳುಗಳ ಲೈನ್ ಮನೆಗಳ ಕಡೆ ಹೋಗುವ ದಾರಿ ನೇರ ಖಾಲಿ ಇರುತ್ತದೆ. ಅಗಲ ಜಾಗ, ಮರದ ನೆರಳು, ಜನ ಅಲ್ಲೇ ಚಾಪೆ ಹಾಸುತ್ತಾರೆ. ತಿರುಗಲು ಆಗದ ಡ್ರೈವರ್ ನೇರ ಹೋಗಿ ಉಳಿದುಕೊಳ್ಳುವುದು ಅದೇ ದಾರಿಯಲ್ಲಿ. ಅದು ಅವನ ಜಾಗ, ಖಾಲಿ ಬಿಡಿ.

ಮರದ ಬಗ್ಗೆ. ಕಾಫಿ ಗಿಡ ಗೋಡೆ ಅಲ್ಲ, ಅದು ನನಗೆ ಕಾಲರ್ ಹರಿದ ಮೇಲೆ ತಿಳಿಯಿತು. ಸಿಲ್ವರ್ ಓಕ್ ಸ್ವಲ್ಪ ವಾಸಿ, ಆದರೂ ಅದರ ಬುಡಕ್ಕೆ ಒರಗಿ ನಿಲ್ಲಬೇಡಿ. ಕಾರು ಗುದ್ದಿದರೆ ಮರವೋ ಕೊಂಬೆಯೋ ನಿಮ್ಮ ಮೇಲೇ ಬರುತ್ತದೆ. ಮರ ಒಂದು ಇರಲಿ, ಅದರ ಹಿಂದೆ ದೂರವೂ ಇರಲಿ, ಬೆನ್ನ ಹಿಂದೆ ಓಡಲು ದಾರಿಯೂ ಇರಲಿ. ಹಿಂದೆ ಮುಳ್ಳುತಂತಿಯೋ ಸೋಲಾರ್ ಬೇಲಿಯೋ ಇದ್ದರೆ ಆ ಜಾಗ ಬಿಟ್ಟುಬಿಡಿ, ನೋಟ ಎಷ್ಟೇ ಚೆನ್ನಾಗಿರಲಿ.

ಬೆಳಿಗ್ಗೆ ಚೆನ್ನಾಗಿದ್ದ ಜಾಗ ಮಧ್ಯಾಹ್ನಕ್ಕೆ ಹಾಗೇ ಇರುವುದಿಲ್ಲ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಒಂದೇ ಸ್ಟೇಜನ್ನು ಎರಡು, ಮೂರು ಸಲ ಓಡಿಸುತ್ತಾರೆ. ಮೊದಲ ಸುತ್ತಿನಲ್ಲಿ ಮೇಲಿನ ಸಡಿಲ ಮಣ್ಣು ಗುಡಿಸಿದ ಹಾಗೆ ಹೋಗುತ್ತದೆ, ಕೆಳಗೆ ಹೂತಿದ್ದ ಕಲ್ಲು ತಲೆ ಎತ್ತುತ್ತದೆ, ಚಕ್ರದ ಜಾಡು ಮೊಣಕೈ ಆಳಕ್ಕೆ ಇಳಿಯುವುದೂ ಉಂಟು. ಎರಡನೇ ಸುತ್ತಿನಲ್ಲಿ ಕಾರುಗಳು ಬೇರೆಯೇ ಗೆರೆ ಹಿಡಿಯುತ್ತವೆ, ಪಂಚರ್ ಜಾಸ್ತಿ, ಸ್ಟೀರಿಂಗ್ ರಾಡ್ ಮುರಿಯುವುದೂ ಜಾಸ್ತಿ. ಎರಡು ಸುತ್ತಿನ ನಡುವೆ ಮಾರ್ಷಲ್ ಬಿಟ್ಟರೆ ತಿರುವಿನ ಅಂಚು ನೋಡಿ ಬನ್ನಿ. ಮುರಿದ ರೆಂಬೆ, ಹೊಸದಾಗಿ ಎದ್ದ ಮಣ್ಣು, ಹುಲ್ಲಿನ ಮೇಲೆ ಟೈರಿನ ಗುರುತು ಎಲ್ಲಿವೆಯೋ ಅಲ್ಲಿಂದ ಇನ್ನೂ ಹಿಂದೆ ಹೋಗಿ.

ಟೇಪ್ ಕಟ್ಟಿದ್ದರೆ ವಾದ ಮಾಡಬೇಡಿ. ಟೇಪ್ ಇಲ್ಲ ಅಂದ ಮಾತ್ರಕ್ಕೆ ಅಲ್ಲಿ ನಿಲ್ಲಬಹುದು ಅಂತಲೂ ಅರ್ಥ ಅಲ್ಲ. ಮಾರ್ಷಲ್ "ಸಾರ್, ಮೇಲೆ ಹೋಗಿ" ಅಂದರೆ ಹೋಗಿ. ಆ ಹುಡುಗನಿಗೆ ನಿಮಗಿಂತ ಚಿಕ್ಕ ವಯಸ್ಸಿರಬಹುದು, ಆದರೆ ಕೈಯಲ್ಲಿ ರೇಡಿಯೋ ಇದೆ. ಜನ ಮಾತು ಕೇಳದಿದ್ದರೆ ಸ್ಟೇಜನ್ನೇ ರದ್ದು ಮಾಡುತ್ತಾರೆ, ಆಗ ದೂರದಿಂದ ಬಂದವರೆಲ್ಲ ಪುಳಿಯೋಗರೆ ತಿಂದು ವಾಪಸ್ ಹೋಗಬೇಕು.

ಕಾರುಗಳು ಶುರುವಾದ ಮೇಲೆ

ಮೊದಲು ಬರುವುದು ಸ್ಪರ್ಧೆಯ ಕಾರಲ್ಲ. ಮೂರು ಸೊನ್ನೆ, ಎರಡು ಸೊನ್ನೆ, ಒಂದು ಸೊನ್ನೆ ಅಂತ ನಂಬರ್ ಹಾಕಿದ ಗಾಡಿಗಳು ರಸ್ತೆ ಪರೀಕ್ಷೆ ಮಾಡಿಕೊಂಡು ಹೋಗುತ್ತವೆ. ಒಂಟಿ ಸೊನ್ನೆಯ ಕಾರು ಸಾಕಷ್ಟು ಜೋರಾಗಿಯೇ ಬರುತ್ತದೆ. ಅದು ದಾಟಿದರೆ ಇನ್ನು ಕೆಲವೇ ನಿಮಿಷ ಅಂತ ತಿಳಿಯಿರಿ. ಅಲ್ಲಿಂದ ಎಲ್ಲ ಕಾರು ಮುಗಿದವು ಅಂತ ನೋಡಿಕೊಂಡು ಬರುವ ಕೊನೆಯ ಸ್ವೀಪರ್ ಕಾರು ಹೋಗುವವರೆಗೆ ರಸ್ತೆಗೆ ಕಾಲಿಡಬಾರದು. ಮೂತ್ರಕ್ಕೆ ಹೋಗಿ ಬರುವುದಿದ್ದರೆ ಮುಂಚೆಯೇ ಮುಗಿಸಿಕೊಳ್ಳಿ.

ಒಂದು ಕಾರು ಹೋಯಿತು, ಇನ್ನೊಂದಕ್ಕೆ ಎರಡು ನಿಮಿಷ ಇದೆ, ಆಚೆ ದಾಟೋಣ ಅನ್ನುವ ಲೆಕ್ಕ ಕೈಕೊಡುತ್ತದೆ. ಮುಂದಿನವನು ಪಂಚರ್ ಆಗಿ ನಿಧಾನ ಆಗಿರಬಹುದು, ಅವನ ಹಿಂದಿನವನು ಅಂಟಿಕೊಂಡೇ ಬರುತ್ತಿರಬಹುದು. ಸದ್ದನ್ನೂ ನಂಬಬೇಡಿ. ಕಣಿವೆಯಲ್ಲಿ ಸದ್ದು ಆಚೆ ಬೆಟ್ಟಕ್ಕೆ ಬಡಿದು ಬರುತ್ತದೆ, ಎಡಗಡೆ ಕೇಳಿಸಿದ ಕಾರು ಬಲಗಡೆಯಿಂದ ಬಂದಿದ್ದನ್ನು ನಾನೇ ನೋಡಿದ್ದೇನೆ. ಬರೆಯ ಹಿಂದಿನ ಕಾರಂತೂ ಮುಖದೆದುರು ಬರುವವರೆಗೂ ಕೇಳಿಸುವುದಿಲ್ಲ. ಮಾರ್ಷಲ್ ಸೀಟಿ ಊದಿದರೆ ಮಾತು ನಿಲ್ಲಿಸಿ, ರಸ್ತೆ ಕಡೆ ಮುಖ ಮಾಡಿ.

ಸೆಲ್ಫಿ ಬೇಡ, ಬೆನ್ನು ತಿರುಗುತ್ತದೆ. ವಿಡಿಯೋ ಮಾಡುವವರಿಗೆ ಇನ್ನೊಂದು ಅಪಾಯ. ಮೊಬೈಲಿನ ಅಗಲ ಲೆನ್ಸಿನಲ್ಲಿ ಕಾರು ಇರುವುದಕ್ಕಿಂತ ದೂರ ಕಾಣುತ್ತದೆ. ಪರದೆಯಲ್ಲಿ ಇನ್ನೂ ದೂರ ಇದೆ ಅಂತ ನೋಡುತ್ತಿರುವಾಗ ಜಲ್ಲಿ ಮೊಣಕಾಲಿಗೆ ಬಡಿದಿರುತ್ತದೆ. ಮೊದಲ ನಾಲ್ಕು ಕಾರನ್ನು ಬರೀ ಕಣ್ಣಿನಿಂದ ನೋಡಿ. ಆಮೇಲೆ ಫೋನು ತೆಗೆಯಿರಿ, ಪಕ್ಕದಲ್ಲಿ ಒಬ್ಬರಿಗೆ ರಸ್ತೆ ನೋಡುವ ಕೆಲಸ ಕೊಡಿ. ಡ್ರೋನ್ ಹಾರಿಸಬೇಡಿ, ಸಂಜೆಯ ಸ್ಟೇಜಿನಲ್ಲಿ ಫ್ಲ್ಯಾಶ್ ಹೊಡೆಯಬೇಡಿ.

ಮಕ್ಕಳಿದ್ದರೆ ಕೈ ಬೆರಳು ಹಿಡಿದರೆ ಸಾಲದು, ಮಣಿಕಟ್ಟು ಹಿಡಿಯಿರಿ. ತೀರಾ ಚಿಕ್ಕವರನ್ನು, ವಯಸ್ಸಾದವರನ್ನು ಸರ್ವೀಸ್ ಪಾರ್ಕಿಗೆ ಕರೆದುಕೊಂಡು ಹೋಗಿ. ನನ್ನ ಕೇಳಿದರೆ ಅದೇ ಅರ್ಧ ರ್ಯಾಲಿ. ಕೊಟ್ಟ ನಿಮಿಷಗಳೊಳಗೆ ಮೆಕ್ಯಾನಿಕ್‌ಗಳು ಕಾರಿನ ಕೆಳಗೆ ನುಗ್ಗಿ ಸಸ್ಪೆನ್ಶನ್ ಬಿಚ್ಚಿ ಹಾಕುತ್ತಾರೆ, ತಡವಾದರೆ ಡ್ರೈವರಿನ ಸಮಯಕ್ಕೆ ದಂಡ ಬೀಳುತ್ತದೆ. ನಮ್ಮ ಅತ್ತೆಗೆ ರೇಸಿಗಿಂತ ಅದೇ ಹಿಡಿಸಿತು. "ಮನೇಲಿ ನಲ್ಲಿ ರಿಪೇರಿಗೆ ಮೂರು ದಿನ ಮಾಡ್ತೀಯ" ಅಂತ ನಾನು ಬೈಸಿಕೊಳ್ಳಬೇಕಾಯಿತು.

ಕಾರು ಪಲ್ಟಿ ಹೊಡೆದರೆ

ಎಲ್ಲರೂ ಒಟ್ಟಿಗೆ ಓಡುವುದು ಸಹಜ. ತಡೆಯಿರಿ. ಮುಂದಿನ ಕಾರು ಆಗಲೇ ಸ್ಟೇಜಿನಲ್ಲಿ ಇರುತ್ತದೆ, ಮೊದಲ ಕಾರು ಜಾರಿದ ಜಾಗದಲ್ಲೇ ಎರಡನೆಯದೂ ಜಾರುವುದು ಸಾಮಾನ್ಯ. ಮಾರ್ಷಲ್‌ಗೆ ಕೂಗಿ ಹೇಳಿ. ಕಾರಿನವರು ಎದ್ದು ಬಂದು ಹಸಿರು 'ಓಕೆ' ಬೋರ್ಡ್ ತೋರಿಸಿದರೆ ಅವರು ಚೆನ್ನಾಗಿದ್ದಾರೆ. ಕೆಂಪು 'ಎಸ್‌ಒಎಸ್' ತೋರಿಸಿದರೆ, ಅಥವಾ ಯಾರೂ ಹೊರಗೆ ಬರದಿದ್ದರೆ, ವೈದ್ಯರು ಬೇಕು. ಕಾರಿನವರೇ ತಮ್ಮ ಕಾರಿನ ಹಿಂದೆ 50 ಮೀಟರಿಗೂ ದೂರ ಕೆಂಪು ತ್ರಿಕೋನ ಇಡುತ್ತಾರೆ, ಅದನ್ನು ಎತ್ತಿ ಪಕ್ಕಕ್ಕಿಡಬೇಡಿ.

ಮಾರ್ಷಲ್ ಕರೆದರೆ ಮಾತ್ರ ಕಾರು ಎತ್ತಲು ಹೋಗಿ. ಕಾರು ಬಿದ್ದ ಕಡೆಯ ಇಳಿಜಾರಿನಲ್ಲಿ ನಿಂತು ತಳ್ಳಬೇಡಿ, ಅದು ಮತ್ತೊಂದು ಸುತ್ತು ಉರುಳಿದರೆ ನಿಮ್ಮ ಮೇಲೆ. ಸೈಲೆನ್ಸರ್, ಬಾನೆಟ್ ಕಾದ ಕಾವಲಿ ಇದ್ದ ಹಾಗೆ. ಪೆಟ್ರೋಲ್ ವಾಸನೆ ಬಂದರೆ ಹತ್ತಿರ ಬೀಡಿ, ಸಿಗರೇಟು ಇಲ್ಲ. ಒಳಗಿನವರನ್ನು ಕತ್ತು ಹಿಡಿದು ಎಳೆಯಬೇಡಿ, ಬೆನ್ನುಮೂಳೆ ಪೆಟ್ಟಾಗಿದ್ದರೆ ಅದರಿಂದಲೇ ಜಾಸ್ತಿ ಆಗುತ್ತದೆ. ಬೆಂಕಿ ಹತ್ತಿದ್ದರೆ ಮಾತು ಬೇರೆ. ಪ್ರೇಕ್ಷಕರಿಗೇ ಏನಾದರೂ ಆದರೆ, ಉದಾಹರಣೆಗೆ ಎದೆನೋವೋ ಹಾವು ಕಡಿತವೋ, 108ಕ್ಕೆ ಫೋನು ಹುಡುಕುವುದಕ್ಕಿಂತ ಮಾರ್ಷಲ್ ರೇಡಿಯೋ ಬೇಗ. ಸ್ಟೇಜಿಗೆ ಆಂಬುಲೆನ್ಸ್ ಇದ್ದೇ ಇರುತ್ತದೆ. ಅದಕ್ಕೇ ನಿಮ್ಮ ಕಾರನ್ನು ತೋಟದ ಗೇಟಿಗೆ ಅಡ್ಡ ನಿಲ್ಲಿಸಬಾರದು. ಒಂದೇ ಪಕ್ಕಕ್ಕೆ, ಮೂತಿ ಹೊರಗೆ ಮಾಡಿ ನಿಲ್ಲಿಸಿ.

ತೋಟ ಯಾರದೋ, ನೆನಪಿರಲಿ

ರ್ಯಾಲಿ ನಡೆಯುವುದು ಸಾಮಾನ್ಯವಾಗಿ ಕಾಫಿ ಹಣ್ಣಾಗುವ ದಿನಗಳಲ್ಲಿ. ಕಾಫಿ ಹಣ್ಣು ಕೀಳಬೇಡಿ, ಮೆಣಸಿನ ಬಳ್ಳಿ ಎಳೆಯಬೇಡಿ. ಕಣದಲ್ಲಿ ಕಾಫಿ ಒಣಗಲು ಹಾಕಿದ್ದರೆ ಅದರ ಮೇಲೆ ಶೂ ಹಾಕಿಕೊಂಡು ನಡೆಯಬೇಡಿ. ಬಾಟಲಿ, ಪ್ಲೇಟು ಚೀಲಕ್ಕೆ ಹಾಕಿಕೊಂಡು ತನ್ನಿ. ಈ ವರ್ಷ ಜನ ಗಲೀಜು ಮಾಡಿದರು ಅಂತ ಮುಂದಿನ ವರ್ಷ ಮಾಲೀಕರು ತೋಟ ಕೊಡದಿದ್ದರೆ ಅಲ್ಲಿಗೆ ಆ ಸ್ಟೇಜಿನ ಕಥೆ ಮುಗಿಯಿತು.

ಆನೆ ವಿಷಯ ತಮಾಷೆ ಅಲ್ಲ. ಕೊಡಗು, ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಆನೆ ಹಗಲೂ ಇರಬಹುದು. ಜಾಗಕ್ಕೆ ಹೋಗುವ ಮುಂಚೆ ತೋಟದ ಲೆಕ್ಕ ಬರೆಯುವ ರೈಟರನ್ನೋ ಮೇಸ್ತ್ರಿಯನ್ನೋ ಕೇಳಿ, "ಇವತ್ತು ಯಾವ ಕಡೆ ಇದೆ?" ಅಂತ. ಅವರಿಗೆ ಗೊತ್ತಿರುತ್ತದೆ. ಕೊನೆಯ ಕಾರು ಹೋದ ಮೇಲೆ ಹರಟೆ ಹೊಡೆದುಕೊಂಡು ಕತ್ತಲಾಗುವವರೆಗೆ ಒಳಗೆ ಉಳಿಯಬೇಡಿ.

ಸ್ವೀಪರ್ ಕಾರು ದಾಟಿ, ಮಾರ್ಷಲ್ ರಸ್ತೆ ತೆರೆದಿದೆ ಅಂದ ಮೇಲೆಯೇ ಕೆಳಗಿಳಿಯಿರಿ. ಕೊಡಗಿನಿಂದ ವಾಪಸ್ ಬರುವಾಗ ತಿತಿಮತಿ, ಆನೆಚೌಕೂರು ಕಾಡಿನ ದಾರಿಯಲ್ಲಿ ನಿಧಾನ. ನಾಲ್ಕು ಗಂಟೆ ರ್ಯಾಲಿ ನೋಡಿದವರ ಬಲಗಾಲು ತಾನಾಗೇ ಭಾರ ಆಗಿರುತ್ತದೆ. ಸ್ಟೀರಿಂಗನ್ನು ಗುಂಪಿನಲ್ಲಿ ರ್ಯಾಲಿ ಬಗ್ಗೆ ಏನೂ ಆಸಕ್ತಿ ಇಲ್ಲದವರ ಕೈಗೆ ಕೊಡಿ. ನಮ್ಮ ಗುಂಪಿನಲ್ಲಿ ಅದು ನನ್ನ ಹೆಂಡತಿ. ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ಶೂ ಬಿಚ್ಚಿ ಸಾಕ್ಸ್ ಒಳಗೆ ನೋಡಿಕೊಳ್ಳಿ. ಜಿಗಣೆ ಅಲ್ಲಿವರೆಗೂ ಬಂದಿರುತ್ತದೆ.